ಚಾಕಿ ಗಾಡಿಯ ಸಂದು ಮುಚ್ಚಿದ್ದು

ಗಾಡಿಯ ಕೆಳಗೆ ಗೋಣಿತಾಟು ಹಾಸಿ ಅಂಗಾತ ಮಲಗಿದಾಗ ನನಗೆ ಮೊದಲು ಕಂಡದ್ದು ಬೆಳಕು. ಪಿಕಪ್ ಗಾಡಿಯ ಕೆಳಗಿನಿಂದ ಆಕಾಶ ಕಾಣಬಾರದ ಜಾಗಗಳು ಕೆಲವಿರುತ್ತವೆ. ಮುಂದಿನ ಮಡ್‌ಗಾರ್ಡುಗಳ ಒಳಬದಿ, ಕ್ಯಾಬಿನ್ನಿಗೂ ಹಿಂದಿನ ಪೆಟ್ಟಿಗೆಗೂ ನಡುವಿನ ಜಾಗ, ಹಿಂಚಕ್ರಗಳ ಮೇಲ್ಭಾಗ. ಈ ಗಾಡಿಯಲ್ಲಿ ಅಲ್ಲೆಲ್ಲ ಅಂಗೈ ತೂರುವಷ್ಟು ಸಂದು ಬಿಟ್ಟಿತ್ತು. ನಾನು ಕೈ ತೂರಿಸಿಯೂ ನೋಡಿದೆ. ಒಣಗಿದ ಕೆಸರು ಪದರ ಪದರವಾಗಿ ಮುಖದ ಮೇಲೆ ಉದುರಿತು.

ನಂಜನಗೂಡಿನಲ್ಲಿ ನನ್ನದು ಕುಶನ್ ಅಂಗಡಿ. ಸೀಟು ಹೊಲಿಯುತ್ತೇನೆ, ಆಟೋಗಳಿಗೆ ಹುಡ್ ಹಾಕುತ್ತೇನೆ, ಲಾರಿ ಟಾರ್ಪಾಲಿಗೆ ತೇಪೆ ಹಚ್ಚುತ್ತೇನೆ. ಗಾಡಿಯ ಕೆಳಗೆ ಮಲಗುವ ಕೆಲಸ ಪಕ್ಕದ ಶೆಡ್ಡಿನ ಮೆಕ್ಯಾನಿಕ್‌ನದು. ಈ ಗಾಡಿಗೆ ಅವನು ಆಗಲೇ ಒಮ್ಮೆ ಕೈ ಹಾಕಿ ಸೋತಿದ್ದ. ತಗಡು ಕತ್ತರಿಸಿ ಒಂದಂಚನ್ನು ಬಾಡಿಗೆ, ಇನ್ನೊಂದಂಚನ್ನು ಕೆಳಗಿನ ಕಬ್ಬಿಣದ ಚೌಕಟ್ಟಾದ ಚಾಸಿಗೆ ಸೇರಿಸಿ ರಿವಿಟ್ ಹೊಡೆದಿದ್ದ. ನಾಲೆ ದಾರಿಯ ಹಳ್ಳಗಳಲ್ಲಿ ಒಮ್ಮೆ ಹೋಗಿ ಬರುವಷ್ಟರಲ್ಲಿ ರಿವಿಟ್‌ಗಳೆಲ್ಲ ಕಿತ್ತು, ತಗಡು ಜೋತಾಡುತ್ತ ಬಂದಿತ್ತು. ಬಾಡಿಯ ಅಲುಗಾಟವೇ ಬೇರೆ, ಚಾಸಿಯ ಅಲುಗಾಟವೇ ಬೇರೆ. ಎರಡನ್ನೂ ಹಿಡಿದುಕೊಂಡ ಯಾವುದೂ ಬಾಳುವುದಿಲ್ಲ. ಆಗ ಅವನೇ, ಇದು ಬಟ್ಟೆ ಹೊಲಿಯುವವರ ಕೆಲಸ ಎಂದು ಹೇಳಿ ಗಾಡಿಯವರನ್ನು ನನ್ನ ಅಂಗಡಿಗೆ ಕರೆತಂದ.

ಗಾಡಿಯವರು ಮೂಗೂರಿನ ಕಡೆಯ ಗಂಡ ಹೆಂಡತಿ. ರೇಷ್ಮೆಹುಳದ ಚಾಕಿ ಮಾಡುವವರು. ಅಂದರೆ ಮೊಟ್ಟೆ ತಂದು, ಮರಿ ಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ, ಆಮೇಲೆ ಊರೂರಿನ ರೈತರಿಗೆ ತಟ್ಟೆಗಳಲ್ಲಿ ತಲುಪಿಸುವವರು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ಅವರ ಕಡೆ ಜ್ವರ ಅನ್ನುತ್ತಾರೆ. ಹಾಗೆ ಕೂತಿರುವಾಗಲೇ ಸಾಗಿಸಬೇಕು. ಜ್ವರದಿಂದ ಎದ್ದ ಹುಳ ರೈತನ ಮನೆಯಲ್ಲೇ ಸೊಪ್ಪು ಮುಟ್ಟಬೇಕು. ಒಂದು ದಿನ ಹಿಂದೆಮುಂದೆ ಆದರೂ ಬೆಳೆ ಕೆಟ್ಟಿತು.

ಕೆಸರಿನ ನಾಲೆ ದಾರಿಗಳಿಗೆಂದು ಅವರು ಈ ಹಳೆಯ ಪಿಕಪ್ ಕೊಂಡಿದ್ದರು. ಹಿಂದಿನ ಮಾಲೀಕ ದೊಡ್ಡ ಚಕ್ರ ಹಾಕುವ ಆಸೆಗೆ ಬಾಡಿ ಮತ್ತು ಚಾಸಿ ನಡುವೆ ನೈಲಾನ್ ಬ್ಲಾಕುಗಳನ್ನಿಟ್ಟು, ಉದ್ದನೆ ಬೋಲ್ಟು ಬಿಗಿದು, ಬಾಡಿಯನ್ನಷ್ಟೇ ಮೇಲಕ್ಕೆ ಎತ್ತಿಸಿದ್ದನಂತೆ. ಅದಕ್ಕೆ ಆರ್‌ಟಿಓದಲ್ಲಿ ಒಪ್ಪಿಗೆ ಇದೆಯೇ ಎಂದು ಮೆಕ್ಯಾನಿಕ್ ಮೊದಲೇ ಕೇಳಿ ಪತ್ರ ನೋಡಿಕೊಂಡಿದ್ದ. ಗಾಡಿ ಕೆಸರಿನಲ್ಲಿ ಹೂತುಹೋಗದೆ ಓಡುತ್ತಿತ್ತು, ಸರಿ. ಆದರೆ ಮುಂಚಕ್ರ ಎರಚಿದ ಕೆಸರು ಆ ಸಂದಿನಲ್ಲಿ ನುಗ್ಗಿ, ಕ್ಯಾಬಿನ್ ಹಿಂದೆ ಮೇಲೆದ್ದು, ಹುಳದ ಪೆಟ್ಟಿಗೆಯ ಜಾಲರಿ ಕಿಟಕಿಗೆ ಬಡಿಯುತ್ತಿತ್ತು. ಹುಳಕ್ಕೆ ಗಾಳಿ ಬೇಕು, ಹಾಗಾಗಿ ಜಾಲರಿ ಮುಚ್ಚುವಂತಿಲ್ಲ.

ಹಿಂದಿನ ಸಲ ನಾಲೆಯ ಆಚೆಯ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಗದ್ದೆಗೆ ಔಷಧಿ ಹೊಡೆದಿದ್ದರು. ಗದ್ದೆಯ ನೀರು ದಾರಿಯ ಮೇಲೇ ನಿಂತಿತ್ತು. ಅಂದು ಇಳಿಸಿದ ಹುಳ ಜ್ವರದಿಂದ ಎದ್ದವು, ಸೊಪ್ಪು ಮುಟ್ಟಲಿಲ್ಲ, ಬಾಯಲ್ಲಿ ಹಸಿರು ರಸ ಕಾರಿ ಸತ್ತವು. ಆ ಮನೆಯ ರೈತ ಹೆಂಗಸು ಜಗಳವನ್ನೇನೂ ಆಡಲಿಲ್ಲವಂತೆ. ಸತ್ತ ಹುಳವನ್ನು ಮೊರದಲ್ಲಿ ತುಂಬಿ ತಂದು ಇವರ ಬಾಗಿಲಲ್ಲಿ ಇಟ್ಟು, ಒಂದು ಮಾತೂ ಆಡದೆ ಹೋದರಂತೆ.

ಇದನ್ನು ಹೇಳುವಾಗ ಚಾಕಿ ಯಜಮಾನರು ನನ್ನ ಮುಖ ನೋಡಲಿಲ್ಲ. ಹೆಂಡತಿ ಅಂಗಡಿಯೊಳಗೆ ಬಂದೇ ಇರಲಿಲ್ಲ, ಹೊಸ್ತಿಲಾಚೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ನಾನು ಒಳಗೆ ಬನ್ನಿ ಅಕ್ಕ ಎಂದು ಕರೆದೆ.

"ನಿಮ್ಮ ಅಂಗ್ಡೀಲಿ ಗೋಂದಿನ ವಾಸ್ನೆ ಅದೆ ಕಣವ್ವ," ಎಂದರು ಆಕೆ. "ಇದು ನನ್ ಸೀರೆಗೆ ಅಂಟ್ಕಂಡ್ರೆ ನಾನು ಉಳದ ಮನೆಗೆ ಓಗಂಗಿಲ್ಲ."

ಆ ಮಾತಿನ ಅರ್ಥ ನನಗೆ ಅಂದು ಪೂರ್ತಿಯಾಗಿ ತಲೆಗೆ ಹೋಗಲಿಲ್ಲ. ಹೋಗಿದ್ದರೆ ಒಂದು ಸುತ್ತು ಕೆಲಸ ಉಳಿಯುತ್ತಿತ್ತು.

ಅಳತೆ ತೆಗೆಯುವುದರಿಂದ ಶುರು ಮಾಡಿದೆ. ಸೀಟಿಗೆ ಹೇಗೋ ಹಾಗೆಯೇ, ಟೇಪು ಹಿಡಿದರೆ ಪ್ರಯೋಜನವಿಲ್ಲ. ಸಂದು ಒಂದೇ ಅಗಲ ಇರಲಿಲ್ಲ. ಮುಂದೆ ಕಿರಿದು, ಹಿಂದೆ ಹಿರಿದು, ನಡುವೆ ಪೈಪು, ವೈರು, ಸ್ಟೀರಿಂಗ್ ರಾಡು. ಸೀರೆ ಅಂಗಡಿಯ ರಟ್ಟಿನ ಡಬ್ಬಿಗಳನ್ನು ಬಿಡಿಸಿ, ತುಂಡು ತುಂಡಾಗಿ ಸಂದಿಗೆ ಒತ್ತಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿಸಿ, ಮತ್ತೆ ಒತ್ತಿ ನೋಡಿದೆ. ಎಡಗಡೆಯ ರಟ್ಟು ಬಲಗಡೆಗೆ ಕೂರಲಿಲ್ಲ. ಪ್ರತಿಯೊಂದಕ್ಕೂ ಬೇರೆ ನಮೂನೆ ಬೇಕಾಯಿತು. ಮೆಕ್ಯಾನಿಕ್‌ನ ತಗಡಿನ ಪಾಡು ನೋಡಿದ್ದರಿಂದ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ಮುಚ್ಚಳವನ್ನು ಮೇಲಂಚಿನಲ್ಲಿ ಬಾಡಿಗೆ ಮಾತ್ರ ಹಿಡಿಸುವುದು. ಕೆಳಂಚು ಚಾಸಿಯ ಹೊರಮೈಗೆ ತಾಕಿಕೊಂಡು ಪರದೆಯ ಹಾಗೆ ಇಳಿಬಿದ್ದಿರಬೇಕು. ಬಾಡಿ ಅಲುಗಿದರೆ ಅದೂ ಅಲುಗುತ್ತದೆ, ಏನೂ ಕಿತ್ತು ಬರುವುದಿಲ್ಲ. ಚಾಸಿಗೆ ಹೊಸ ತೂತು ಕೊರೆಯಬಾರದು ಎಂದು ಮೆಕ್ಯಾನಿಕ್ ಹೇಳಿದ್ದ. ಬಾಡಿಯಲ್ಲಿ ಮೊದಲೇ ಇದ್ದ ತೂತುಗಳನ್ನೇ ಹುಡುಕಿ ಗುರುತು ಹಾಕಿದೆವು.

ಮೈಸೂರಿನಿಂದ ದಪ್ಪ ರಬ್ಬರ್ ಹಾಳೆ ತರಿಸಿ ಕತ್ತರಿಸಿದೆ. ಮೇಲಂಚಿಗೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಬೋಲ್ಟು ಹಾಕಿ ಕೂರಿಸಿದೆವು. ಕಪಿಲೆಯ ದಂಡೆಯ ಕೆಸರು ದಾರಿಯಲ್ಲಿ ಓಡಿಸಿ ನೋಡಿದರೆ ಜಾಲರಿಯ ಮೇಲೆ ಒಂದು ಹನಿಯೂ ಇರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಯಜಮಾನರ ಹೆಂಡತಿ ಗಾಡಿಯನ್ನು ಒಂದು ಸುತ್ತು ಬಂದು, ಮಿಕ್ಕಿದ್ದ ರಬ್ಬರಿನ ಒಂದು ತುಂಡು ಕೇಳಿ ಇಸಿದುಕೊಂಡು ಹೋದರು. ಮಾರನೆಯ ದಿನ ಫೋನು ಬಂತು. ಹೊಸ ಮೊಟ್ಟೆಗಳು ಒಡೆದು ಹುಳ ಹೊರಬಂದಿದ್ದವು. ಆಕೆ ಒಂದು ಹಿಡಿ ಹುಳವನ್ನು ಹೆಚ್ಚಿದ ಸೊಪ್ಪಿನ ಜೊತೆ ಡಬ್ಬಿಯೊಂದಕ್ಕೆ ಹಾಕಿ, ಪಕ್ಕದಲ್ಲಿ ನನ್ನ ರಬ್ಬರ್ ತುಂಡಿಟ್ಟು ಮುಚ್ಚಿದ್ದರಂತೆ. ಮುಚ್ಚಳ ತೆಗೆದಾಗ ಹುಳವೆಲ್ಲ ಸೊಪ್ಪು ಬಿಟ್ಟು ಡಬ್ಬಿಯ ಆಚೆ ಮೂಲೆಗೆ ಹೋಗಿ ಗುಂಪುಗಟ್ಟಿದ್ದವಂತೆ.

"ತಿನ್ನಾಕಿಲ್ಲ ಕಣವ್ವ," ಎಂದಷ್ಟೇ ಹೇಳಿದರು.

ಮೊಟ್ಟೆ ಒಡೆದಿದೆ ಎಂದರೆ ಇನ್ನು ಯಾರು ಹೇಳಿದರೂ ನಿಲ್ಲದ ಲೆಕ್ಕ ಶುರುವಾಗಿದೆ. ಮೊದಲ ಜ್ವರ, ಎರಡನೇ ಜ್ವರ, ಹೊರಡುವ ದಿನ. ರಬ್ಬರನ್ನೆಲ್ಲ ಬಿಚ್ಚಿಸಿ ಸೋಪಿನ ನೀರಿನಲ್ಲಿ ಕುದಿಸಿದೆ. ಬಿಸಿಲಿಗೆ ಹಾಕಿದೆ. ಬಿಸಿಲು ಬಿದ್ದಷ್ಟೂ ವಾಸನೆ ಹೆಚ್ಚಾಯಿತು. ರೆಕ್ಸಿನ್ ಯೋಚಿಸಿದೆ, ಅದರದ್ದು ಇನ್ನೂ ಕೆಟ್ಟ ವಾಸನೆ. ಬರೀ ಟಾರ್ಪಾಲ್ ಎರಡು ದಿನಕ್ಕೆ ಹರಿಯುತ್ತದೆ. ಬರೀ ತಗಡು ಸದ್ದು ಮಾಡುತ್ತದೆ, ಅದುರುತ್ತದೆ, ತುದಿಯಲ್ಲಿ ಪೈಪು ಕೊಯ್ಯುತ್ತದೆ. ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಬಿಡಲೇ ಎಂದು ಫೋನು ಎತ್ತಿಕೊಂಡಿದ್ದೂ ಉಂಟು. ಆ ಮೊರದ ವಿಷಯ ನೆನಪಾಗಿ ಕೆಳಗಿಟ್ಟೆ.

ತಿ. ನರಸೀಪುರಕ್ಕೆ ಹೋದದ್ದು ಬೇರೆ ಕೆಲಸಕ್ಕೆ, ಒಂದು ವ್ಯಾನಿನ ಸೀಟಿನ ಅಳತೆ ತರಲು. ಆ ವ್ಯಾನು ನಿಂತಿದ್ದದ್ದು ಮುಚ್ಚಿಹೋದ ಅಕ್ಕಿ ಗಿರಣಿಯ ಅಂಗಳದಲ್ಲಿ. ಅಳತೆ ತೆಗೆಯುತ್ತಿದ್ದಾಗ ಗಿರಣಿಯ ಗೋಡೆಗೆ ಸುರುಳಿ ಸುತ್ತಿ ಒರಗಿಸಿದ್ದ ಹಳೆಯ ಯಂತ್ರದ ಬೆಲ್ಟುಗಳು ಕಂಡವು. ಅಗಲವಾದ ಚಪ್ಪಟೆ ಬೆಲ್ಟು. ಹತ್ತಿಯ ದಪ್ಪ ಬಟ್ಟೆಯ ಪದರಗಳು, ನಡುವೆ ತೆಳ್ಳಗೆ ರಬ್ಬರು. ಮಡಚಿದರೆ ಬಾಗಿತು, ಬಿಟ್ಟರೆ ನೆಟ್ಟಗಾಯಿತು. ಮೂಗಿಗೆ ಹಿಡಿದು ನೋಡಿದೆ. ತೌಡಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ವರ್ಷಗಟ್ಟಲೆ ತೌಡು ಕುಡಿದು ಅದರೊಳಗಿನ ರಬ್ಬರಿನ ಘಾಟು ಸತ್ತುಹೋಗಿತ್ತು. ಆದರೂ ನನ್ನ ಮೂಗಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಗಿರಣಿ ಕಾಯುವವರನ್ನು ಕೇಳಿ ಒಂದು ಸುರುಳಿ ತೆಗೆದುಕೊಂಡು, ಊರಿಗೆ ವಾಪಸಾಗದೆ, ನೇರ ಮೂಗೂರಿನ ಬಸ್ಸು ಹತ್ತಿದೆ.

ಚಾಕಿ ಮನೆಯ ಜಗಲಿಯ ಮೇಲೆ ಆ ಅಕ್ಕ ಬೆಲ್ಟನ್ನು ಉದ್ದಕ್ಕೆ ಬಿಡಿಸಿ, ಮೊಣಕಾಲೂರಿ ಕೂತು, ಗೇಣು ಗೇಣಿಗೂ ಮೂಗಿಟ್ಟು ಮೂಸುತ್ತ ಹೋದರು. ಗಿರಣಿಯ ಚಕ್ರದಿಂದ ಜಾರದಿರಲೆಂದು ಹಿಂದೆ ಅಂಟುಜಿಡ್ಡು ಹಚ್ಚಿದ್ದ ಕಡೆ ನಿಲ್ಲುತ್ತಿದ್ದರು, ಬೇಡ ಎಂದು ತಲೆಯಾಡಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಉಳಿದ ಭಾಗದಿಂದ ಒಂದು ತುಂಡು ಕೊಯ್ದು ಡಬ್ಬಿಯಲ್ಲಿಟ್ಟರು. ಹುಳ ಮೊದಲ ಜ್ವರ ಕಳೆದು ಹಸಿದಿದ್ದವು. ಡಬ್ಬಿ ಮುಚ್ಚಿ ನಾವಿಬ್ಬರೂ ಅದರ ಮುಂದೆ ಕೂತೆವು. ಆಕೆ ಅಕ್ಕಿ ಆರಿಸತೊಡಗಿದರು. ನನಗೆ ಮಾಡಲು ಏನೂ ಇರಲಿಲ್ಲ. ಎಷ್ಟು ಹೊತ್ತು ಎಂದು ಕೇಳಲು ಧೈರ್ಯವಾಗಲಿಲ್ಲ.

ಕೊನೆಗೆ ಆಕೆ ಮುಚ್ಚಳ ತೆಗೆದು, ತಾನು ನೋಡುವ ಮೊದಲು ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. ಹೆಚ್ಚಿದ ಸೊಪ್ಪಿನ ಅಂಚೆಲ್ಲ ಸೂಜಿಯಿಂದ ಚುಚ್ಚಿದಂತೆ ತೂತು ಬಿದ್ದಿತ್ತು. ಎರಡು ಹುಳ ಬೆಲ್ಟಿನ ತುಂಡಿನ ಮೇಲೇ ಹತ್ತಿ ಕೂತಿದ್ದವು.

"ಇದ್ನೇ ಆಕು," ಎಂದರು ಆಕೆ.

ಮತ್ತೆ ಶುರುವಾಯಿತು. ರಟ್ಟಿನ ನಮೂನೆಗಳು ಇದ್ದದ್ದರಿಂದ ಕತ್ತರಿಸುವುದು ಬೇಗ ಮುಗಿಯಿತು. ಹೊಲಿಗೆ ಕಷ್ಟವಾಯಿತು. ಮಿಷನ್ನಿನ ಸೂಜಿ ಆ ದಪ್ಪಕ್ಕೆ ಮುರಿಯಿತು. ಚಪ್ಪಲಿ ಹೊಲಿಯುವ ದಬ್ಬಳದಿಂದ ತೂತು ಮಾಡಿ, ನೈಲಾನ್ ದಾರಕ್ಕೆ ಜೇನುಮೇಣ ಸವರಿ, ಕೈಯಲ್ಲೇ ಹೊಲಿದೆ. ಕೊಯ್ದ ಅಂಚಿನಲ್ಲಿ ಬಟ್ಟೆಯ ಪದರ ನೀರು ಕುಡಿದು ಬಿಚ್ಚಿಕೊಳ್ಳುತ್ತದೆ. ಯಾವಾಗಲೂ ಅಂಚಿಗೆ ಗೋಂದು ಹಚ್ಚುತ್ತಿದ್ದೆ, ಇಲ್ಲಿ ಗೋಂದಿನ ಹೆಸರೆತ್ತುವಂತಿಲ್ಲ. ಅಂಚಿಗೂ ಮೇಣವನ್ನೇ ಕಾಯಿಸಿ ತಿಕ್ಕಿದೆ. ಕ್ಯಾಬಿನ್ ಹಿಂದಿನ ಸಂದಿಗೆ ಒಂದು ಬೆಲ್ಟಿನ ಅಗಲ ಸಾಲದೆ ಎರಡನ್ನು ಜೋಡಿಸಿದೆ. ಬೆರಳ ತುದಿಗಳು ಊದಿಕೊಂಡವು.

ಹೊರಡುವ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಕೂರಿಸಿ ಆಗಿತ್ತು. ಹುಳ ಎರಡನೇ ಜ್ವರಕ್ಕೆ ಕೂತಿವೆ ಎಂದು ಯಜಮಾನರು ಹೇಳಿದರು. ಪೆಟ್ಟಿಗೆ ತೊಳೆದು ಒಣಗಿಸಬೇಕು, ಗಾಡಿ ಬೇಗ ಬಿಡಿ ಎಂದು ಅವರ ಅವಸರ. ಅದು ಸಹಜವೇ ಆಗಿತ್ತು. ಒಂದು ಸಲ ಸ್ಟೀರಿಂಗನ್ನು ಕೊನೆಯವರೆಗೆ ಎರಡೂ ಕಡೆ ತಿರುಗಿಸಿ ಎಂದು ಹೇಳಿ ನಾನು ಕೆಳಗೆ ತೂರಿದೆ.

ಎಡಗಡೆ ಸರಿಯಿತ್ತು. ಬಲಗಡೆ, ಚಕ್ರ ಪೂರ್ತಿ ತಿರುಗಿದಾಗ, ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಪೈಪು ಬಾಗಿ ನನ್ನ ಬೆಲ್ಟಿನ ಕೆಳಂಚಿಗೆ ಬಂದು ಉಜ್ಜಿತು. ಪೈಪಿನ ಮೇಲೆ ಬೆರಳಿಟ್ಟೆ. ಒಂದು ಕಡೆ ಮಣ್ಣು ಹೋಗಿ ನುಣ್ಣಗೆ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಪರೀಕ್ಷೆಗೆಂದು ಓಡಿಸಿದ್ದಷ್ಟಕ್ಕೇ ಆ ಗುರುತು ಬಿದ್ದಿತ್ತು. ನಾಲೆಯ ಏರಿ ಇಕ್ಕಟ್ಟಿನದು, ಒಂದು ಬದಿ ನೀರು. ಅಲ್ಲಿ ಬ್ರೇಕು ಹಿಡಿಯದಿದ್ದರೆ ಹುಳದ ಮಾತೇ ಉಳಿಯುವುದಿಲ್ಲ.

ಮೆಕ್ಯಾನಿಕ್ ನೋಡಿ, ಪೈಪನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಹಿಂದಕ್ಕೆ ಎಳೆದು ಕಟ್ಟಿಬಿಡೋಣ ಎಂದ. ಕಟ್ಟಿದರೆ ಚಕ್ರ ಹಳ್ಳಕ್ಕೆ ಇಳಿದಾಗ ಪೈಪು ಎಳೆದುಕೊಳ್ಳುವುದಿಲ್ಲವೇ ಎಂದು ಕೇಳಿದೆ. ಅವನು ಪಟ್ಟಿಯ ಮಾತು ಬಿಟ್ಟ. ಯಜಮಾನರು, ನಾಳೆ ಒಂದು ದಿನ ನಿಧಾನಕ್ಕೆ ಓಡಿಸುತ್ತೇನೆ, ಬಂದ ಮೇಲೆ ಸರಿಮಾಡಿ ಎಂದರು. ಬಲಗಡೆಯ ಮುಚ್ಚಳ ತೆಗೆಯಬೇಡಿ ಎಂದೂ ಹೇಳಿದರು. ನಾಲೆ ದಾರಿಯಲ್ಲಿ ಗದ್ದೆ ಇರುವುದು ಬಲಕ್ಕೇ.

ನಾನು ಮತ್ತೆ ಕೆಳಗೆ ಹೋಗಿ, ಕೆಸರು ಎಲ್ಲಿಂದ ಹಾರಿ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿನಿಂದ ದಾರಿ ಹಿಡಿದು ನೋಡಿದೆ. ಮುಂದಿನ ತುಂಡು ತಡೆಯುತ್ತಿದ್ದದ್ದು ಬಹುಪಾಲು ಇಂಜಿನ್ನಿಗೆ ಬೀಳುವ ಕೆಸರನ್ನು. ಹುಳದ ಜಾಲರಿಯನ್ನು ಕಾಯುತ್ತಿದ್ದದ್ದು ಕ್ಯಾಬಿನ್ ಹಿಂದಿನ ಜೋಡಿ ಬೆಲ್ಟು. ಹೊರಗೆ ಬಂದು ಕತ್ತಿ ತೆಗೆದುಕೊಂಡೆ.

"ಅಣ್ಣ, ಬಲಗಡೆ ಮುಂದಿಂದು ನಾನು ಕುಯ್ದು ತೆಗೀತೀನಿ," ಎಂದೆ. "ಇಂಜಿನ್ ಕೆಸರಾದ್ರೆ ತೊಳ್ಕೋಬೋದು. ಆ ಪೈಪೂ ಹೊಸದು ಹಾಕಿಸ್ಬೇಕು. ಹಾಕ್ಸೋವರ್ಗೂ ಗಾಡಿ ಬಿಡಲ್ಲ."

"ಒಂದ್ ಗುರ್ತು ಬಿದ್ದದ್ದಕ್ಕೇ?"

"ಗುರ್ತು ಬೀಳ್ಸಿದ್ದು ನನ್ ಬೆಲ್ಟು ಅಣ್ಣ."

ಅವರಿಗೆ ಕೋಪ ಬಂದಿತ್ತು. ತೋರಿಸಿಕೊಳ್ಳದೆ ಅತ್ತ ತಿರುಗಿ ನಿಂತರು. ಮೆಕ್ಯಾನಿಕ್ ಬೈಕ್ ಹತ್ತಿ ಹೋಗಿ, ಎರಡು ಅಂಗಡಿ ಸುತ್ತಿ ಪೈಪು ತಂದ. ನಾನು ಪೆಡಲ್ ಒತ್ತುತ್ತ ಕೂತೆ, ಅವನು ಕೆಳಗಿಂದ ಬ್ರೇಕಿನ ಎಣ್ಣೆಯೊಳಗೆ ಸೇರಿದ್ದ ಗಾಳಿ ಬಿಡಿಸಿದ. ಒತ್ತು, ಬಿಡು, ಒತ್ತು ಎನ್ನುವ ಅವನ ಧ್ವನಿಯೊಂದೇ ಕೇಳುತ್ತಿತ್ತು. ಕಾಲಡಿಯಲ್ಲಿ ಪೆಡಲ್ ಗಟ್ಟಿಯಾದಾಗ ಸಂಜೆಯಾಗಿತ್ತು. ನಾನು ಕುಯ್ದ ತುಂಡನ್ನು ಗಿಡ್ಡ ಮಾಡಿ, ಪೈಪು ಎಂದೂ ತಲುಪದ ಎತ್ತರದಲ್ಲಿ ಗೇಣುದ್ದ ಮಾತ್ರ ಉಳಿಸಿ ಕೂರಿಸಿದೆ. ಕೆಳಗೆ ಬೆಳಕು ಕಾಣುವ ಹಾಗೇ ಬಿಟ್ಟೆ. ನಾಳೆ ನಾನೂ ಬರುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಬೇಡ ಎನ್ನಲಿಲ್ಲ.

ಬೆಳಗಿನ ತಂಪಿನಲ್ಲೇ ತಟ್ಟೆಗಳನ್ನು ಏರಿಸಿದರು. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿದ್ದರಿಂದ ತಟ್ಟೆಗಳೆಲ್ಲ ಬೆಳ್ಳಗಿದ್ದವು. ಕ್ಯಾಬಿನ್ನಿನಲ್ಲಿ ನಾವು ಮೂವರು ಕೂತೆವು. ಒಂದೆರಡು ಊರುಗಳಲ್ಲಿ ಇಳಿಸಿ ನಾಲೆಯ ಏರಿಗೆ ಬಂದಾಗ ದಾರಿಯ ಮೇಲೆ ಗದ್ದೆಯ ನೀರು ನಿಂತೇ ಇತ್ತು. ಔಷಧಿಯ ಘಾಟು ಒಳಗೂ ಬಂತು. ಅಕ್ಕ ಕಿಟಕಿಯ ಗಾಜು ಏರಿಸಿದರು. ಯಜಮಾನರು ಗಾಡಿಯನ್ನು ಎತ್ತಿನ ಗಾಡಿಯಷ್ಟು ನಿಧಾನ ಮಾಡಿದರು. ನನ್ನ ಬೆನ್ನ ಹಿಂದೆ ಕೆಸರು ಬೆಲ್ಟಿಗೆ ಬಡಿಯುವ ಸದ್ದು ಒಂದೊಂದೇ ಕೇಳಿಸತೊಡಗಿತು. ದಪ್ಪ ಬಟ್ಟೆ ಒಗೆಯುವಂಥ ಸದ್ದು. ಸದ್ದು ಬಂದಾಗ ಹೆದರಿಕೆ, ಬಾರದಿದ್ದಾಗ ಕೆಸರು ಒಳಗೆ ಹೋಯಿತೇನೋ ಎಂದು ಅದಕ್ಕಿಂತ ಹೆಚ್ಚಿನ ಹೆದರಿಕೆ. ತಿರುವಿನಲ್ಲಿ ಬ್ರೇಕು ಒತ್ತಿದಾಗಲೆಲ್ಲ ನನ್ನ ಕಾಲೂ ಒತ್ತುತ್ತಿತ್ತು.

ಮೊರ ಇಟ್ಟು ಹೋಗಿದ್ದ ಆ ರೈತ ಹೆಂಗಸು ಮನೆಯ ಮುಂದೆ ನಿಂತಿದ್ದರು. ತೆಳ್ಳನೆಯ ಆಳು, ನನಗಿಂತ ಚಿಕ್ಕವರು. ಬನ್ನಿ ಎನ್ನಲಿಲ್ಲ. ನೇರವಾಗಿ ಪೆಟ್ಟಿಗೆಯ ಬಾಗಿಲಿಗೆ ಹೋಗಿ ತೆಗೆಯಿರಿ ಎಂದು ಸನ್ನೆ ಮಾಡಿದರು. ಬಾಗಿಲು ತೆಗೆದಾಗ ನಾವು ನಾಲ್ವರೂ ಒಟ್ಟಿಗೆ ಬಗ್ಗಿ ನೋಡಿದೆವು. ಆ ಸುಣ್ಣದ ಮೇಲೆ ಸಾಸಿವೆಯಷ್ಟು ಕೆಸರು ಬಿದ್ದರೂ ಎದ್ದು ಕಾಣುತ್ತಿತ್ತು. ಆಕೆ ಜಾಲರಿಯನ್ನು ಬೆರಳಿನಿಂದ ಒರೆಸಿ ಬೆರಳು ನೋಡಿಕೊಂಡರು. ಆಮೇಲೆ ಒಂದೊಂದೇ ತಟ್ಟೆ ಎಳೆದು, ಬೆಳಕಿಗೆ ಹಿಡಿದು, ಜಗಲಿಗೆ ಇಳಿಸಿದರು. ಎಲ್ಲವೂ ಬೆಳ್ಳಗೆ.

ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ, ಬಾಗಿಲ ಕಡೆಯ ಮೂಲೆಯಲ್ಲಿ, ಮೂರು ಕಂದು ಚುಕ್ಕೆಗಳಿದ್ದವು.

ಕೂತು ನೋಡಿದೆ. ಹಿಂಬಾಗಿಲಿನ ಕೆಳಗಿನ ಪಟ್ಟಿ ಒಂದು ಮೂಲೆಯಲ್ಲಿ ಎದ್ದಿತ್ತು. ನೀರು ಅಲ್ಲಿಂದ ಹಾರಿತ್ತು. ಅದು ನಾನು ಮುಟ್ಟಿದ ಜಾಗವಲ್ಲ. ಆದರೆ ಕೆಳಗೆ ಮಲಗಿದಷ್ಟು ದಿನ ಹಿಂದೆ ನಿಂತು ಬಾಗಿಲು ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಚಾಕಿ ಅಕ್ಕ ಆ ತಟ್ಟೆಯನ್ನು ಎತ್ತಿ ತನ್ನ ಕಂಕುಳಿಗೆ ಸೇರಿಸಿಕೊಂಡಿದ್ದರು.

"ಇದು ನಿಮ್ಗೆ ಬ್ಯಾಡ," ಎಂದರು. "ಇದ್ನ ನಾನು ವಾಪಸ್ ತಕ್ಕೊಂಡೋಯ್ತೀನಿ."

ರೈತ ಹೆಂಗಸು ಆಕೆಯನ್ನು, ತಟ್ಟೆಯನ್ನು, ಆಮೇಲೆ ನನ್ನನ್ನು ನೋಡಿದರು. ಇವರು ಯಾರು ಎಂದು ಕೇಳಿದರು. ಸಂದು ಮುಚ್ಚಿದವರು ಎಂದು ಯಜಮಾನರು ಹೇಳಿದರು. ಆಕೆ ಒಳಗೆ ಹೋಗಿ ನೀರು ತಂದು ಮೂವರಿಗೂ ಕೊಟ್ಟರು. ನನ್ನ ಅಂಗಡಿಯ ನಂಬರ್ ಕೇಳಿ ತೆಗೆದುಕೊಂಡರು. ಯಾಕೆಂದು ಹೇಳಲಿಲ್ಲ.

ಅಂದು ಊರಿಗೆ ಬಂದವಳು ಮೊದಲು ಬಾಗಿಲಿನ ಪಟ್ಟಿ ಕಿತ್ತು ಬೆಲ್ಟಿನದೇ ಹೊಲಿದು ಹಾಕಿದೆ. ಇಂಜಿನ್ನಿನ ಬಲಬದಿ ಕೆಸರು ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಬೈದುಕೊಳ್ಳುತ್ತ ತೊಳೆದ. ಆ ಜಾಗಕ್ಕೆ ಸರಿಯಾದ ಮುಚ್ಚಳ ಇವತ್ತಿಗೂ ನನ್ನ ಕೈಯಲ್ಲಿ ಆಗಿಲ್ಲ. ಹುಳ ಜ್ವರದಿಂದ ಏಳುವ ದಿನ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಒಂದು ಸೀಟಿನ ಕವರನ್ನು ಒಳಮೈ ಹೊರಗಾಗಿ ಹೊಲಿದು, ಬಿಚ್ಚುತ್ತ ಕೂತಿದ್ದೆ. ಏನೂ ಸುದ್ದಿ ಬರಲಿಲ್ಲ. ಚಾಕಿಯವರಿಗೆ ನಾನೇ ಫೋನು ಮಾಡಿದರೆ, ಆ ಮನೆಯಿಂದ ತಮಗೂ ಏನೂ ತಿಳಿದಿಲ್ಲ, ಕೇಳಲು ಮುಖವಿಲ್ಲ ಎಂದರು.

ಮಾರನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಆ ರೈತ ಹೆಂಗಸಿನ ಧ್ವನಿ. ಏದುಸಿರು ಬಿಡುತ್ತಿದ್ದರು. ಹಿಂದೆ ಗಾಳಿಗೆ ಸೊಪ್ಪು ಸರಗುಟ್ಟುವ ಸದ್ದು ಕೇಳಿಸುತ್ತಿತ್ತು. ಹುಳ ಎದ್ದವೇ ಎಂದು ಕೇಳಿದೆ.

"ನಿನ್ನೇನೇ ಎದ್ದೊ," ಎಂದರು. "ಆಕಿದ್ ಸೊಪ್ಪೆಲ್ಲ ಖಾಲಿ ಕಣವ್ವ. ಫೋನ್ ಮಾಡಿ ಯೋಳನ ಅಂದ್ರೆ ಪುರುಸೊತ್ತೇ ಇಲ್ಲ. ಈಗ್ಲೂ ತೋಟ್ದಲ್ಲಿ ಕುಯ್ತಾ ಇವ್ನಿ. ಇಡ್ತೀನಿ, ಉಳ ಅಸ್ಕಂಡವೆ."

ಫೋನು ಕಟ್ಟಾಯಿತು.